ಬಾಗು ನೋಡುವ ವಾರಗಿತ್ತಿ

ನಮ್ಮ ವಾರಗಿತ್ತಿಗೆ ತಲೆ ಕೆಟ್ಟಿದೆ ಎಂದು ನಾನು ಖಂಡಿತ ಹೇಳುವುದಿಲ್ಲ. ಹೇಳಿದರೆ, 'ದೊಡ್ಡ ಸೊಸೆಗೆ ಹೊಟ್ಟೆಕಿಚ್ಚು ಪಾಪ' ಎಂದು ನೀವೆಲ್ಲ ನನ್ನ ಮೇಲೇ ತಿರುಗಿಬೀಳುತ್ತೀರಿ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ತಲೆ ಕೆಟ್ಟಿದೆ ಎಂದು ಬೇಕಾದರೆ ನೀವೇ ಹೇಳಿ. ಇನ್ನು ಹೊಟ್ಟೆಕಿಚ್ಚಿನ ವಿಷಯ. ಹೌದು, ಇದೆ. ಯಾರಿಗಿಲ್ಲ? ಒಂದೇ ಮನೆಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು, ಒಂದೇ ಅಡುಗೆಮನೆಯಲ್ಲಿ ಮೈಗೆ ಮೈ ತಾಗಿಸಿ ನಿಂತು, ಒಂದೇ ಅತ್ತೆಯ ಬಾಯಿಂದ ಭೇಷ್ ಅನ್ನಿಸಿಕೊಳ್ಳಬೇಕಾದ ಇಬ್ಬರು ಹೆಂಗಸರಿಗೆ ಹೊಟ್ಟೆಕಿಚ್ಚು ಇಲ್ಲದಿದ್ದರೆ ಅವರನ್ನು ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ನಮ್ಮದು ಹಿರಿಯೂರಿನ ಮಗ್ಗುಲಿಗೆ, ಬಬ್ಬೂರು ದಾಟಿದರೆ ಸಿಗುವ ಹಳ್ಳಿ. ಒಂದು ಕುರಿಹಿಂಡು, ಸ್ವಲ್ಪ ಹೊಲ, ಇವೆರಡರ ಮೇಲೂ ಕಣ್ಣಿಟ್ಟುಕೊಂಡು ಜಗಲಿಯಲ್ಲಿ ಕೂತ ಅತ್ತೆ. ನಾನು ಹೊಸದುರ್ಗದ ಕಡೆಯ ಮಾಡದಕೆರೆಯಿಂದ ಈ ಮನೆಗೆ ದೊಡ್ಡ ಸೊಸೆಯಾಗಿ ಬಂದವಳು. ತಾಯಿ ಸತ್ತ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿದ್ದು ನಾನು, ಅತ್ತೆಯ ಬಿಪಿ ಮಾತ್ರೆ ನೆನಪಿಟ್ಟದ್ದು ನಾನು, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಟೀ ಇಟ್ಟದ್ದು ನಾನು. ಮನೆಗೆ ಯಾರೇ ಬಂದರೂ 'ದೊಡ್ಡ ಸೊಸೆ ಎಲ್ಲಿ?' ಎಂದು ಕೇಳಿಯೇ ಕೂರುತ್ತಿದ್ದರು. ಆ ಒಂದು ಮಾತಿಗೇ ನನ್ನ ಹೊಟ್ಟೆ ತುಂಬುತ್ತಿತ್ತು. ಆಮೇಲೆ ಮೈದುನನಿಗೆ ಮದುವೆಯಾಯಿತು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹುಡುಗಿ. ಓದುವಾಗ ಬಿಲ್ಲುವಿದ್ಯೆ ಕಲಿತವಳು, ಈಗ ಹಿರಿಯೂರಿನ ಒಂದು ಶಾಲೆಯಲ್ಲಿ ಆಟದ ಮೇಡಂ. ಬಂದವರು 'ಸಣ್ಣ ಸೊಸೆ ಎಲ್ಲಿ?' ಎಂದು ಕೇಳತೊಡಗಿದರು. ನಾನು ಟೀ ಇಡುವುದು ಮಾತ್ರ ಹಾಗೇ ಮುಂದುವರಿಯಿತು.

ಅವಳು ಮನೆ ತುಂಬಿದ ದಿನದ ಕಥೆ ಕೇಳಿ. ತಾಳ್ಯದಿಂದ ಬಂದ ಟೆಂಪೋದಿಂದ ಬೀರು ಇಳಿಯಿತು, ಮಂಚ ಇಳಿಯಿತು, ಮಿಕ್ಸಿ ಇಳಿಯಿತು. ಎಲ್ಲವನ್ನೂ ಬೇರೆಯವರಿಗೆ ಇಳಿಸಲು ಬಿಟ್ಟವಳು, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಉದ್ದನೆಯ ಗಂಟನ್ನು ಮಾತ್ರ ತಾನೇ ಎದೆಗವಚಿಕೊಂಡು ಇಳಿಸಿದಳು. ಹಸುಗೂಸನ್ನೂ ಅಷ್ಟು ನಾಜೂಕಾಗಿ ಯಾರೂ ಎತ್ತಿಕೊಳ್ಳುವುದಿಲ್ಲ. ಬೆಳ್ಳಿ ದೀಪದ ಕಂಬವೇ ಇರಬೇಕೆಂದು ನಾನು ಒಳಗೊಳಗೇ ಉರಿದುಕೊಂಡೆ. ಅತ್ತೆ ಗಂಟು ಬಿಚ್ಚಿಸಿದರು. ಒಳಗೆ ಒಂದು ಬಿದಿರಿನ ಬಿಲ್ಲು, ಅದರ ಸುತ್ತ ಬರೀ ಬಿದಿರು ಕಡ್ಡಿ!

"ಕಡ್ಡಿಗೆ ನಮ್ಮೂರಾಗೇನು ಬರ ಬಂದೈತಾ ತಾಯಿ?" ಎಂದರು ಅತ್ತೆ.

"ಇವು ಒಂದೇ ಬಾಗಿನ ಕಡ್ಡಿ ಅತ್ತೆ," ಎಂದಳು ಹೊಸ ಮದುವಣಗಿತ್ತಿ, ಸೆರಗು ಸರಿಮಾಡಿಕೊಳ್ಳುತ್ತ.

ಯಾರಿಗೂ ಏನೂ ತಿಳಿಯಲಿಲ್ಲ. ನಾನಂತೂ ಮನಸ್ಸಿನಲ್ಲೇ ಸಕ್ಕರೆ ಹಂಚಿದೆ. ಹುಡುಗಿಗೆ ಸ್ವಲ್ಪ ಲೂಸು, ನನ್ನ ಪಟ್ಟಕ್ಕೆ ಸದ್ಯಕ್ಕೆ ಮೋಸವಿಲ್ಲ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಅವಳಾಗಲೇ ನೆಲದ ಮೇಲೆ ಕೂತಿದ್ದಾಳೆ. ಎರಡು ಇಟ್ಟಿಗೆಗಳನ್ನು ಸ್ವಲ್ಪ ದೂರ ದೂರ ಇಟ್ಟು, ಅವುಗಳ ಮೇಲೆ ಸೇತುವೆಯಂತೆ ಒಂದು ಕಡ್ಡಿ ಇಟ್ಟು, ಕಡ್ಡಿಯ ನಟ್ಟನಡುವೆ ನಮ್ಮ ತಕ್ಕಡಿಯ ತೂಕದ ಕಲ್ಲನ್ನು ದಾರದಲ್ಲಿ ನೇತುಹಾಕಿದ್ದಾಳೆ. ಕಡ್ಡಿ ಎಷ್ಟು ಬಾಗಿತು ಎಂದು ಗೋಡೆಗೆ ಒರಗಿಸಿದ ಅಳತೆಪಟ್ಟಿಯ ಮೇಲೆ ನೋಡುತ್ತಾಳೆ, ಕಡ್ಡಿ ತೆಗೆಯುತ್ತಾಳೆ, ಇನ್ನೊಂದು ಇಡುತ್ತಾಳೆ.

"ಏನೇ ಇದು?" ಎಂದೆ.

"ಬಾಗು ನೋಡ್ತಿದೀನಿ ಅಕ್ಕಾ. ಬಾಣ ಬಿಟ್ಟ ತಕ್ಷಣ ನೆಟ್ಟಗೆ ಹೋಗಲ್ಲ. ಎದುರಿಗೆ ಬಿಲ್ಲಿನ ಕಟ್ಟಿಗೆ ಅಡ್ಡ ಇರ್ತೈತಲ್ಲ, ಅದನ್ನ ಬಳಸ್ಕೊಂಡು ಹಾವಿನಂಗೆ ಬಾಗಿ, ದಾಟಿದ ಮೇಲೆ ನೆಟ್ಟಗಾಗ್ತೈತೆ. ಒಂದು ಜಾಸ್ತಿ ಬಾಗಿ, ಒಂದು ಕಮ್ಮಿ ಬಾಗಿದ್ರೆ, ಒಂದು ಬಲಕ್ಕೆ ಹೋಗ್ತೈತೆ, ಒಂದು ಎಡಕ್ಕೆ ಹೋಗ್ತೈತೆ. ಗುರಿ ಎಷ್ಟೇ ಚೆನ್ನಾಗಿಟ್ರೂ ಅಷ್ಟೆ. ಅದಕ್ಕೇ ಒಂದೇ ಥರ ಬಾಗೋವನ್ನ ಆರಿಸಿ ಜೊತೆ ಮಾಡ್ಬೇಕು."

"ನಿಮ್ಮ ಭಾವ ಬಲಕ್ಕೆ ಹೋಗ್ತಾರೆ, ನಾನು ಎಡಕ್ಕೆ ಹೋಗ್ತೀನಿ. ಇಷ್ಟು ವರ್ಷ ಸಂಸಾರ ಮಾಡಿಲ್ವೇನೇ? ಏಳು, ಒಲೆ ಹಚ್ಬೇಕು."

ಇಂಗ್ಲಿಷಿನಲ್ಲಿ ಇದಕ್ಕೆ ಸ್ಪೈನ್ ಅನ್ನುತ್ತಾರಂತೆ. ನಮ್ಮ ಮನೆಯಲ್ಲಿ ಬಾಗು ಎಂದೇ ರೂಢಿಯಾಯಿತು. ರೂಢಿ ಮಾಡಿದ್ದು ಯಾರು ಗೊತ್ತೇ? ಅತ್ತೆ! ನಾನು ಅವಳನ್ನು ಬೈಸೋಣವೆಂದು ಅತ್ತೆಯನ್ನು ಅಡುಗೆಮನೆಗೆ ಕರೆದುಕೊಂಡು ಬಂದರೆ, ಅವರು ಅವಳ ಪಕ್ಕದಲ್ಲಿ ಕಾಲು ಚಾಚಿ ಕೂತೇಬಿಟ್ಟರು. "ನಮ್ಮಪ್ಪ ಕುರಿ ಕಾಯೋ ಕೋಲು ತರೋವಾಗ ಮಂಡಿ ಮ್ಯಾಲಿಟ್ಟು ಹಿಂಗೇ ಬಗ್ಗಿಸಿ ನೋಡೋನು ಕಣವ್ವಾ. ಎಲ್ಲಿ, ಆ ಕಡ್ಡಿ ಕೊಡಿಲ್ಲಿ," ಎಂದರು. ಇಬ್ಬರೂ ಸೇರಿ ಬಗ್ಗಿಸಿದ್ದೇ ಬಗ್ಗಿಸಿದ್ದು. ನಾನು ಆ ಇಟ್ಟಿಗೆಗಳನ್ನು ಸುತ್ತಿಕೊಂಡು ಹೋಗಿ ಉಪ್ಪಿಟ್ಟು ಮಾಡಿದೆ. ಅತ್ತೆ ತಟ್ಟೆಯನ್ನು ಕೂತಲ್ಲಿಗೇ ತರಿಸಿಕೊಂಡು, ನನ್ನ ಉಪ್ಪಿಟ್ಟು ತಿನ್ನುತ್ತ ಅವಳ ಕಡ್ಡಿಯನ್ನು ಹೊಗಳಿದರು.

ಅಲ್ಲಿಂದ ಮುಂದೆ ಅವಳ ಕೈಗೆ ಉದ್ದನೆಯದು ಏನು ಸಿಕ್ಕರೂ ಅದಕ್ಕೆ ಉಳಿಗಾಲವಿಲ್ಲ. ಊದುಬತ್ತಿ ಬಗ್ಗಿಸುತ್ತಾಳೆ, ಪೊರಕೆ ಕಡ್ಡಿ ಬಗ್ಗಿಸುತ್ತಾಳೆ, ಛತ್ರಿ ಕಡ್ಡಿ ಬಗ್ಗಿಸುತ್ತಾಳೆ. ಹೊಸದುರ್ಗದಲ್ಲಿ ನನ್ನ ಕಡೆಯವರ ಒಂದು ಮದುವೆಗೆ ಹೋದಾಗ ಚಪ್ಪರದ ಗಳುವನ್ನು ಹಿಡಿದು ಅಲ್ಲಾಡಿಸಿ ನೋಡುತ್ತ ನಿಂತಿದ್ದಳು. ಅಡುಗೆಯವನು ಚಪ್ಪರ ಬೀಳಿಸುತ್ತಾಳೆಂದು ಸೌಟು ಹಿಡಿದು ಓಡಿಬಂದ. ನಾನು ಅವಳು ಯಾರೋ ಗೊತ್ತಿಲ್ಲ ಎನ್ನುವ ಮುಖ ಮಾಡಿಕೊಂಡು ಪಾಯಸ ಕುಡಿದೆ.

ಹಿರಿಯೂರು ಸಂತೆಯಲ್ಲಿ ಇನ್ನೂ ಚೆನ್ನಾಗಿತ್ತು. ನುಗ್ಗೇಕಾಯಿಯ ರಾಶಿಯ ಮುಂದೆ ಕೂತವಳು ಒಂದೊಂದನ್ನೇ ಎರಡೂ ತುದಿ ಹಿಡಿದು ಬಗ್ಗಿಸಿ ಎರಡು ಗುಂಪು ಮಾಡತೊಡಗಿದಳು. ಮಾರುವ ಹೆಂಗಸು ಸ್ವಲ್ಪ ಹೊತ್ತು ನೋಡಿ ಸಹಿಸಿದಳು.

"ಏನವ್ವಾ, ಮುರಿಯೋಕೆ ಬಂದಿದೀಯೋ, ತಗಳಾಕೆ ಬಂದಿದೀಯೋ?"

"ಮುರಿಯಲ್ಲ ಅಕ್ಕಾ. ಒಂದೇ ಬಾಗಿಂದು ಆರಿಸ್ತಿದೀನಿ."

"ಸಾರಿಗೆ ಹಾಕ್ತೀಯೋ, ಸಾಲಾಗಿ ನಿಲ್ಲಿಸ್ತೀಯೋ?"

ಸುತ್ತಲಿದ್ದವರೆಲ್ಲ ನಕ್ಕರು. ನಾನು ಆ ಹೆಂಗಸಿಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ನನ್ನ ಹಣೆಬರಹ ನೋಡಿ. ಮನೆಗೆ ಬಂದು ಸಾರು ಮಾಡಿದರೆ ಆ ನುಗ್ಗೇಕಾಯಿ ಎಲ್ಲವೂ ಒಂದೇ ಹದಕ್ಕೆ ಬೆಂದಿದ್ದವು. ಒಂದೂ ನಾರಿಲ್ಲ, ಒಂದೂ ಕರಗಿ ಹೋಗಿಲ್ಲ. ನಮ್ಮ ಯಜಮಾನರು ಊಟದ ನಡುವೆ ತಲೆ ಎತ್ತುವವರಲ್ಲ. ಅಂದು ಎತ್ತಿದರು. "ನುಗ್ಗೇಕಾಯಿ ಯಾರು ತಂದಿದ್ದು? ಬಾಳ ಚೆನ್ನಾಗೈತೆ," ಎಂದರು. ಹುಳಿ ಹಿಂಡಿದವಳು ನಾನು, ಖಾರ ಅರೆದವಳು ನಾನು, ಒಗ್ಗರಣೆ ಸಿಡಿದು ಮುಂಗೈ ಸುಟ್ಟುಕೊಂಡವಳು ನಾನು. ಅವರಿಗೆ ಕಂಡದ್ದು ನುಗ್ಗೇಕಾಯಿ! ನಾನು ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ. ಅವರು ಅದನ್ನೂ ಗಮನಿಸಲಿಲ್ಲ, ತಾವೇ ಬಡಿಸಿಕೊಂಡರು.

ಬಾಗು ನೋಡಿ ಜೊತೆ ಮಾಡಿದರೆ ಮುಗಿಯಿತೇ? ಇಲ್ಲವಂತೆ. ಒಂದೇ ಕಡ್ಡಿಯಲ್ಲೂ ಒಂದು ಮಗ್ಗುಲು ಗಟ್ಟಿ, ಇನ್ನೊಂದು ಮೆತ್ತಗೆ ಇರುತ್ತದಂತೆ. ಆ ಗಟ್ಟಿ ಮಗ್ಗುಲನ್ನು ಹುಡುಕಿ, ಅದಕ್ಕೊಂದು ಗುರುತು ಹಾಕಿ, ಪ್ರತಿ ಬಾಣದಲ್ಲೂ ಆ ಮಗ್ಗುಲು ಬಿಲ್ಲಿನ ಕಡೆಗೇ ಬರುವ ಹಾಗೆ ಬುಡದಲ್ಲಿ ಹೆದೆ ಕೂರುವ ಕಚ್ಚು ಕೊರೆಯಬೇಕಂತೆ. ಎಲ್ಲ ಬಾಣಗಳೂ ಒಂದೇ ಕಡೆ ಮುಖ ಮಾಡಿದರೇನೇ ಒಂದೇ ಕಡೆ ಹೋಗುವುದು. ಇದನ್ನು ಹುಡುಕಲು ಅವಳಿಗೊಂದು ಉಪಾಯ ಗೊತ್ತಿತ್ತು. ಕಡ್ಡಿಯನ್ನು ಅಲುಗದ ನೀರಿನಲ್ಲಿ ತೇಲಿಬಿಟ್ಟರೆ ಅದು ತಾನಾಗಿ ಮಗ್ಗುಲು ಬದಲಿಸಿ, ಭಾರದ ಕಡೆ ಕೆಳಗೆ ಹೋಗಿ ನಿಲ್ಲುತ್ತದಂತೆ. ಗಟ್ಟಿ ಮಗ್ಗುಲಿನ ಸುಳಿವು ಅಲ್ಲಿ ಸಿಗುತ್ತದಂತೆ. ಸರಿ, ಅಲುಗದ ನೀರು ನಮ್ಮ ಮನೆಯಲ್ಲಿ ಎಲ್ಲಿದೆ? ಬಚ್ಚಲ ಹಂಡೆಯಲ್ಲಿ!

ಯುಗಾದಿಯ ದಿನ, ಎಲ್ಲರೂ ಮೈಗೆ ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಜಾರುತ್ತ ನಿಂತಿದ್ದಾರೆ. ಬಚ್ಚಲಿನ ಬಾಗಿಲು ತೆರೆದರೆ ಹಂಡೆಯ ತುಂಬ ಬಿದಿರು ಕಡ್ಡಿ ತೇಲುತ್ತಿವೆ, ಕೆಳಗೆ ಒಲೆ ಆರಿದೆ, ಅವಳು ಮೂಗನ್ನು ನೀರಿಗೆ ತಾಗಿಸುವಷ್ಟು ಬಗ್ಗಿ ಕೂತು ಇದ್ದಿಲಿನಲ್ಲಿ ಗುರುತು ಹಾಕುತ್ತಿದ್ದಾಳೆ.

"ಉರಿ ಯಾಕೆ ಆರಿಸಿದೆ?" ಎಂದೆ ನಾನು.

"ನೀರು ಕುದಿದ್ರೆ ಅಲುಗ್ತೈತೆ ಅಕ್ಕಾ," ಎಂದಳು, ನಾನೇ ಏನೋ ಬುದ್ಧಿಯಿಲ್ಲದ ಪ್ರಶ್ನೆ ಕೇಳಿದೆ ಎಂಬ ಹಾಗೆ.

ಈಗ ನೋಡಿ ಮಜಾ, ಎಂದು ನಾನು ಸೊಂಟಕ್ಕೆ ಕೈಕೊಟ್ಟು ನಿಂತೆ. ನೀರು ಒಂದು ಚೂರು ಕಮ್ಮಿ ಕಾದಿದ್ದರೆ ಚೆಂಬು ಎಸೆಯುವವರು ನಮ್ಮ ಯಜಮಾನರು. ಅವರು ಬಂದರು, ಹಂಡೆಗೆ ಇಣುಕಿದರು, "ಓ, ತೇಲ್ತಾವೆ," ಎಂದರು. ಎಂದು, ತಣ್ಣೀರು ಸ್ನಾನ ಮಾಡಿಕೊಂಡು ನಡುಗುತ್ತ ಹೊರಗೆ ಬಂದರು. ಒಂದು ಬೈಗುಳವಿಲ್ಲ! ಅತ್ತೆ ನಾಳೆ ಮಾಡಿದರಾಯಿತು ಬಿಡು ಎಂದು ಎಣ್ಣೆಮೈಯಲ್ಲೇ ಹೋಳಿಗೆ ತಿಂದರು. ಆ ದಿನ ನನಗೆ ಬೇವು ಮಾತ್ರ ಸಿಕ್ಕಿತು, ಬೆಲ್ಲ ಎಲ್ಲಾ ಅವಳ ಪಾಲಿಗೆ ಹೋಯಿತು.

ಆಮೇಲೊಂದು ದಿನ ನಮ್ಮ ಟಗರು ಅಂಗಳಕ್ಕೆ ನುಗ್ಗಿ, ಒಣಗಲು ಇಟ್ಟಿದ್ದ ಬಾಣಗಳಲ್ಲಿ ಒಂದನ್ನು ಗರಿಸಮೇತ ಅಗಿದುಹಾಕಿತು. ಅವಳು ಜಗಲಿಯಲ್ಲಿ ಕೂತು ಮುರಿದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಒಂದು ಹೋಯಿತು ಅಂದರೆ ಇನ್ನೊಂದು ಮಾಡಿಕೊಂಡರಾಯಿತಲ್ಲ ಎಂದೆ. ಅದರ ಜೊತೆಯದು ಸಿಗುವುದು ಕಷ್ಟ ಎಂದಳು. ಇಷ್ಟಕ್ಕೇ ಪಕ್ಕದ ಮನೆಯವರು ಬಂದರು, ಎದುರು ಮನೆಯವರು ಬಂದರು, ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ಸಮಾಧಾನ ಹೇಳಿದರು. ಅವರಿಗೆಲ್ಲ ಟೀ ಇಟ್ಟವರು ಯಾರು ಎಂದು ಬೇರೆ ಹೇಳಬೇಕೆ? ಹಿಂದಿನ ತಿಂಗಳು ನಾನು ಜ್ವರ ಬಂದು ಮಲಗಿದ್ದಾಗ, 'ಮಾತ್ರೆ ತಗಂಡ್ಯಾ?' ಎಂದು ಬಾಗಿಲಲ್ಲೇ ಕೇಳಿ ಹೋಗಿದ್ದ ಜನ ಇವರೇ.

ಚಿತ್ರದುರ್ಗದಲ್ಲಿ ಜಿಲ್ಲಾ ಮಟ್ಟದ ಪಂದ್ಯ ನಡೆದು ಅವಳಿಗೆ ಪದಕ ಬಂದ ಮೇಲಂತೂ ನನ್ನ ಕಥೆ ಮುಗಿಯಿತು. ಪೇಪರಿನಲ್ಲಿ ಫೋಟೋ ಬಂತು. ಅತ್ತೆ ಅದನ್ನು ಕತ್ತರಿಸಿ, ಅನ್ನದ ಅಗುಳಿನಿಂದ ಗೋಡೆಗೆ ಅಂಟಿಸಿದರು. ಎಲ್ಲಿ ಅಂಟಿಸಿದರು? ನಾನು ಹಾಲಿನ ಲೆಕ್ಕಕ್ಕೆ ಗೀಟು ಹಾಕುವ ಕ್ಯಾಲೆಂಡರಿನ ಮೇಲೆ! ಬಬ್ಬೂರಿನಲ್ಲಿ ಬಸ್ಸಿಗೆ ನಿಂತರೆ ಗುರುತಿಲ್ಲದ ಹೆಂಗಸರು ಹತ್ತಿರ ಬಂದು, "ನೀವು ಬಾಣ ಬಿಡೋರ ವಾರಗಿತ್ತಿ ಅಲ್ವಾ?" ಎನ್ನುತ್ತಿದ್ದರು. ಹೌದು ಎಂದರೆ ಅವಳ ಬಗ್ಗೆ ಕೇಳುತ್ತಿದ್ದರು, ನನ್ನ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಪದಕ ಬೇಕಿರಲಿಲ್ಲ, ಫೋಟೋ ಬೇಕಿರಲಿಲ್ಲ. ನಾನೊಬ್ಬಳು ಈ ಮನೆಯಲ್ಲಿ ಇದ್ದೇನೆ ಎಂಬುದು ಯಾರಾದರೂ ಒಬ್ಬರ ಕಣ್ಣಿಗೆ ಬಿದ್ದರೆ ಸಾಕಿತ್ತು. ಒಲೆ ಇದೆ, ಹಂಡೆ ಇದೆ, ದೊಡ್ಡ ಸೊಸೆ ಇದ್ದಾಳೆ ಎಂಬಂತೆ ಆಗಿತ್ತು ನನ್ನ ಬಾಳು.

ಇಷ್ಟನ್ನೂ ತಡೆದುಕೊಂಡಿದ್ದೆ. ತಡೆಯಲಾಗದ್ದು ನನ್ನ ಹೆತ್ತ ತಾಯಿಯ ಕೆಲಸ. ಅವ್ವ ಮಾಡದಕೆರೆಯಿಂದ ಬಸ್ಸು ಬದಲಿಸಿ ಬದಲಿಸಿ ಒಂದು ಭಾನುವಾರ ಬಂದಳು. ಕೈಯಲ್ಲಿ ಶೇಂಗಾ ಉಂಡೆಯ ಡಬ್ಬ. ನಾನು ಬಾಗಿಲಿಗೆ ಓಡಿ ಹೋಗಿ ಚೀಲ ಇಸಿದುಕೊಂಡೆ. ಅವ್ವ ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ಎಲ್ಲವ್ವಾ, ಬಾಣ ಬಿಡೋ ಹುಡುಗಿ?" ಎಂದಳು. ಡಬ್ಬ ವಾರಗಿತ್ತಿಯ ಕೈಗೆ ಹೋಯಿತು. ಅವಳು ಬಿಲ್ಲು ತಂದು ತೋರಿಸಿದಳು, ಅವ್ವ ಮುಟ್ಟಿ ಮುಟ್ಟಿ ನೋಡಿದಳು, ಅತ್ತೆ ಬಾಗಿನ ವಿದ್ಯೆಯನ್ನೆಲ್ಲ ತಾವೇ ಕಂಡುಹಿಡಿದವರಂತೆ ವಿವರಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು.

"ಅದೇನು ಮಹಾ ವಿದ್ಯೆ? ಹಗ್ಗ ಎಳೆಯೋದು, ಬಿಡೋದು. ನಾನೂ ಬಿಡ್ತೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಎಷ್ಟೋ ಕಾಲದ ಮೇಲೆ ತಿರುಗಿದರು! ಆ ಖುಷಿಯಲ್ಲಿ ನಾನು ಸೌಟನ್ನು ಅಲ್ಲೇ ಇಟ್ಟು ಸೆರಗು ಸಿಕ್ಕಿಸಿಕೊಂಡುಬಿಟ್ಟೆ. "ಹಂಗಾರೆ ಹಿತ್ತಲಿಗೆ ಹೋಗಾಣ ನಡೀರಿ," ಎಂದು ಮೈದುನ ಎಲ್ಲರನ್ನೂ ಎಬ್ಬಿಸಿದ.

ಹಿತ್ತಲಲ್ಲಿ, ಕುರಿರೊಪ್ಪದ ಹಿಂದೆ, ಅವಳ ಗುರಿ ಇದೆ. ಹುಲ್ಲು ತುಂಬಿದ ಗೋಣಿಚೀಲ, ಅದರ ಮೇಲೆ ಸುಣ್ಣದಲ್ಲಿ ಬರೆದ ಉಂಗುರಗಳು. ಅವಳು ಮೊದಲು ತಾನು ಬಿಟ್ಟು ತೋರಿಸಿದಳು. ಬಾಣಗಳು ಒಂದರ ಪಕ್ಕ ಒಂದು ಹೋಗಿ ಕೂತವು. ಆಮೇಲೆ ನನ್ನ ಕೈಗೆ ಬಿಲ್ಲು ಕೊಟ್ಟು, ತನ್ನ ಬಾಣಗಳನ್ನೇ ಕೊಟ್ಟು, ಎಲ್ಲಿ ಹಿಡಿಯಬೇಕು, ಹೇಗೆ ನಿಲ್ಲಬೇಕು ಎಂದು ಹೇಳಿಕೊಟ್ಟಳು. ನಾನು ಚೀಲದ ನಟ್ಟನಡುವನ್ನೇ ನೋಡಿ ಎಳೆದು ಬಿಟ್ಟೆ. ಬಾಣ ಎಡಕ್ಕೆ ಹೋಗಿ ಹುಲ್ಲಿನ ಬಣವೆ ಹೊಕ್ಕಿತು. ಇನ್ನೊಂದು ಬಿಟ್ಟೆ. ಅದು ಎಡಕ್ಕೆ ಹೋಗಿ, ಒಣಗಲು ಹಾಕಿದ್ದ ಅತ್ತೆಯ ಇಳಕಲ್ ಸೀರೆಯಲ್ಲಿ ನೇತಾಡಿತು. ಮೊಂಡು ಹಿಡಿದು ಮತ್ತೊಂದು ಬಿಟ್ಟೆ. ಅದೂ ಎಡಕ್ಕೇ ಹೋಗಿ ಕುಂಬಳಕಾಯಿಗೆ ಚುಚ್ಚಿಕೊಂಡಿತು.

"ನಿನ್ ಸೊಸೆ ಸೀರೆಗೆ ಗುರಿ ಇಟ್ಟವ್ಳೋ, ನಿನಗೇ ಇಟ್ಟವ್ಳೋ ನೋಡ್ಕೊಳವ್ವಾ," ಎಂದಳು ನನ್ನ ಹೆತ್ತ ತಾಯಿ, ಅತ್ತೆಗೆ. ಎಲ್ಲರಿಗಿಂತ ಹೆಚ್ಚು ನಕ್ಕವಳೂ ಅವಳೇ. ಯಜಮಾನರು ಕಣ್ಣು ಒರೆಸಿಕೊಂಡು ನಕ್ಕರು. ಟಗರು ಕೂಡ ಬೇಲಿಯಿಂದ ತಲೆ ಹಾಕಿ ನೋಡಿತು. ವಾರಗಿತ್ತಿ ಒಬ್ಬಳು ನಗಲಿಲ್ಲ. ತಲೆ ಒಂದು ಕಡೆ ವಾಲಿಸಿಕೊಂಡು, ಕಡ್ಡಿಯ ಬಾಗು ನೋಡುವಂತೆಯೇ ನನ್ನನ್ನು ನೋಡುತ್ತ ನಿಂತಿದ್ದಳು. ನಕ್ಕಿದ್ದರೂ ಸಹಿಸುತ್ತಿದ್ದೆನೇನೋ, ಆ ನೋಟವನ್ನು ಸಹಿಸಲಾಗಲಿಲ್ಲ.

ರಾತ್ರಿ ಮಲಗಿದರೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಒಂದಾದರೂ ಬಲಕ್ಕೆ ಹೋಗಬೇಡವೇ? ಒಂದಾದರೂ ಮೇಲಕ್ಕೋ ಕೆಳಕ್ಕೋ? ಎಲ್ಲವೂ ಎಡಕ್ಕೇ ಹೇಗೆ ಹೋದವು? ಬಾಗಿನಲ್ಲಿ ಇಷ್ಟು ಪಂಡಿತೆಯಾದವಳಿಗೆ, ಬೇಕೆಂದೇ ಎಡಕ್ಕೆ ಹೋಗುವ ಬಾಣಗಳನ್ನು ಆರಿಸಿಕೊಡುವುದು ಕಷ್ಟವೇ? ನನಗೆ ಎಲ್ಲವೂ ನಿಚ್ಚಳವಾಗಿ ಅರ್ಥವಾಯಿತು. ಯಜಮಾನರನ್ನು ಎಬ್ಬಿಸಿ ಹೇಳಿದೆ. "ಅವಳು ಬಿಟ್ಟಿದ್ದೂ ಅವೇ ಬಾಣ ಅಲ್ವೇನೇ, ಮಲಕ್ಕೋ," ಎಂದು ಅವರು ಮಗ್ಗುಲು ಬದಲಿಸಿದರು. ಗಂಡಸರಿಗೆ ಇಂಥ ಸೂಕ್ಷ್ಮ ಎಲ್ಲಿ ತಿಳಿಯಬೇಕು ಹೇಳಿ.

ಮಾರನೆಯ ದಿನದಿಂದ ಅವಳೊಂದಿಗೆ ನನ್ನ ಮಾತು ಬಂದ್. ಆದರೆ ಒಂದೇ ಅಡುಗೆಮನೆಯಲ್ಲಿ ಮಾತು ಬಿಡುವುದು ಎಷ್ಟು ಕಷ್ಟದ ಕೆಲಸ ಎಂಬುದು ಬಿಟ್ಟವರಿಗೇ ಗೊತ್ತು. "ಹಾಲು ಉಕ್ತೈತೆ, ಯಾರಾದ್ರೂ ನೋಡ್ಬಹುದು," ಎಂದು ನಾನು ಬೆಕ್ಕಿಗೆ ಹೇಳುತ್ತಿದ್ದೆ. "ಸ್ಕೂಲಿಗೆ ಹೊತ್ತಾದೋರು ಡಬ್ಬಿ ತಗೊಂಡು ಹೋಗ್ಬಹುದು," ಎಂದು ಕಿಟಕಿಗೆ ಹೇಳುತ್ತಿದ್ದೆ. ಅವಳು, "ಆಯ್ತು ಅಕ್ಕಾ," ಎನ್ನುತ್ತಿದ್ದಳು. ಮಾತು ಬಿಟ್ಟವರಿಗೆ ಮರ್ಯಾದೆಯಿಂದ ಉತ್ತರ ಕೊಟ್ಟರೆ ಮಾತು ಬಿಟ್ಟದ್ದರಲ್ಲಿ ಏನು ಸುಖ ಉಳಿಯಿತು? ಅಷ್ಟೂ ದಿನ ಅವಳು ಶಾಲೆಯಿಂದ ಬಂದವಳೇ ಒಂದು ಹೊಸ ಬಿದಿರಿನ ಕಟ್ಟು ಬಿಚ್ಚಿಕೊಂಡು ಕೂರುತ್ತಿದ್ದಳು. ಇಟ್ಟಿಗೆ, ತೂಕದ ಕಲ್ಲು, ಕಡ್ಡಿ, ಮತ್ತೆ ಕಡ್ಡಿ. ಬೇಕಾದ್ದಕ್ಕಿಂತ ಬೇಡ ಅಂತ ಎಸೆದದ್ದೇ ಹೆಚ್ಚು. ರಾಜ್ಯ ಮಟ್ಟದ ಪದಕಕ್ಕೆ ತಯಾರಿ ನಡೆಸುತ್ತಿದ್ದಾಳೆ, ಇನ್ನು ಗೋಡೆಯ ಮೇಲೆ ಕ್ಯಾಲೆಂಡರಿಗೆ ಜಾಗವೇ ಉಳಿಯುವುದಿಲ್ಲ ಎಂದು ಬೆಕ್ಕಿಗೆ ಹೇಳಿದೆ.

ಒಂದು ಶನಿವಾರ ಮಧ್ಯಾಹ್ನ ಗಂಡಸರು ಕುರಿ ಹಿಂದೆ ಹೋಗಿದ್ದರು, ಅತ್ತೆ ಬಬ್ಬೂರಿಗೆ ಯಾರದೋ ಮಗು ನೋಡಲು ಹೋಗಿದ್ದರು. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವಳು ಬಂದು ನಿಂತಳು. ಒಂದು ಕೈಯಲ್ಲಿ ಅವಳ ಬಿಲ್ಲು, ಇನ್ನೊಂದು ಕೈಯಲ್ಲಿ ಬಾಣಗಳ ಒಂದು ಸಣ್ಣ ಕಟ್ಟು.

"ಇವು ನಿಮ್ಮವು ಅಕ್ಕಾ. ಒಂದು ಸಲ ಬಿಟ್ಟು ನೋಡ್ರಿ."

"ಸೀರೆ ಇನ್ನೂ ಹೊಲಿದಿಲ್ಲ," ಎಂದೆ, ಪಾತ್ರೆಗೆ.

"ಯಾರೂ ಇಲ್ಲ ಅಕ್ಕಾ. ನಗೋರು ಯಾರೂ ಇಲ್ಲ."

ಕೈ ಒರೆಸಿಕೊಂಡು ಎದ್ದೆ. ಯಾಕೆ ಎದ್ದೆನೋ ಗೊತ್ತಿಲ್ಲ. ಬಹುಶಃ ಅವಳ ಮೋಸವನ್ನು ಹಗಲು ಬೆಳಕಿನಲ್ಲಿ ಹಿಡಿಯಬೇಕೆಂದಿರಬೇಕು. ಬಾಣಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವಳವುಗಳಿಗಿಂತ ತೆಳ್ಳಗಿದ್ದವು, ಗಿಡ್ಡವೂ ಇದ್ದವು. ಬಿಲ್ಲು ಮಾತ್ರ ಅದೇ. ಚೀಲದ ನಡುವನ್ನು ನೋಡಿ ಎಳೆದು ಬಿಟ್ಟೆ. ಬಾಣ ನೆಟ್ಟಗೆ ಹೋಗಿ ಸುಣ್ಣದ ಉಂಗುರದ ಒಳಗೆ ಚುಚ್ಚಿಕೊಂಡಿತು. ಸುಳ್ಳಿರಬೇಕೆಂದು ಇನ್ನೊಂದು ಬಿಟ್ಟೆ. ಅದು ಮೊದಲನೆಯದರ ಮಗ್ಗುಲಿಗೇ ಹೋಗಿ ಕೂತಿತು. ಬೆಕ್ಕು, ಕಿಟಕಿ ಎಲ್ಲ ಮರೆತು ಅವಳನ್ನೇ ಕೇಳಿದೆ.

"ಆವತ್ತು ಯಾಕೆ ಹೋಗ್ಲಿಲ್ಲ?"

"ಆವತ್ತಿನವು ನನ್ನ ಕೈಗೆ ಹೊಂದಿಸಿದ್ದು ಅಕ್ಕಾ. ನಾನು ಎಳೆಯೋ ಶಕ್ತಿಗೆ ತಕ್ಕಂಗೆ ಅವು ಬಾಗ್ತಾವೆ. ನಿಮ್ಮ ಕೈಲಿ ಅಷ್ಟು ಬಾಗಲ್ಲ, ಬಿಲ್ಲಿಗೆ ತಾಗಿ ಎಡಕ್ಕೆ ಓಡ್ತಾವೆ. ನಿಮ್ಮ ಗುರಿ ಸರಿಯಾಗೇ ಇತ್ತು. ಇವು ನಿಮ್ಮ ಎಳೆತ ನೋಡಿ ಮಾಡಿದ್ದು, ಬೇರೆ ಯಾರ ಕೈಲೂ ಇವು ನೆಟ್ಟಗೆ ಹೋಗಲ್ಲ. ನನ್ನ ಕೈಲೂ ಹೋಗಲ್ಲ."

"ನನಗೇನು ನಿನ್ನಷ್ಟು ಶಕ್ತಿ ಇಲ್ಲ ಅಂತಾನಾ?" ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಶಕ್ತಿ ಐತೆ ಅಕ್ಕಾ. ನೀವು ಪೂರ್ತಿ ಹಿಂದಕ್ಕೆ ಎಳೆಯಲ್ಲ. ಮುದ್ದೆ ತಿರುವೋವಾಗ ಅರ್ಧಕ್ಕೆ ಕೈ ಬದಲಾಯಿಸ್ತೀರಿ. ಅಟ್ಟದ ಮೇಲಿನ ಡಬ್ಬ ಎಡಗೈಲಿ ತೆಗೀತೀರಿ. ಜಡೆ ಹಾಕ್ಕೊಳೋವಾಗ ಕೈ ಎತ್ತಲ್ಲ, ತಲೇನೇ ಬಗ್ಗಿಸ್ತೀರಿ. ಬಲಗಡೆ ಹೆಗಲು ಅಲ್ವಾ? ಅದಕ್ಕೇ ಬಾಣ ಗಿಡ್ಡ ಮಾಡ್ದೆ, ಎಳೆಯೋದು ಅರ್ಧಕ್ಕೇ ನಿಲ್ಲಿಸಿದ್ರೆ ಸಾಕು ಅಂತ." ಮತ್ತೆ ಮೆಲ್ಲಗೆ ಕೇಳಿದಳು. "ಬಾಳ ನೋಯ್ತೈತಾ ಅಕ್ಕಾ?"

ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ನನಗೇ ತೋಚಿರಲಿಲ್ಲ. ಎಷ್ಟೋ ದಿನದಿಂದ ತಲೆ ಬಗ್ಗಿಸಿ ಜಡೆ ಹಾಕಿಕೊಳ್ಳುತ್ತಿದ್ದೇನೆ ಎಂಬುದು ಅವಳು ಹೇಳುವವರೆಗೆ ನನಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಮಲಗುವ ಗಂಡನಿಗೆ ಕಾಣಲಿಲ್ಲ, ಹೆತ್ತವಳಿಗೆ ಕಾಣಲಿಲ್ಲ. ನಾನು ಯಾರನ್ನು ಕಂಡರೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆನೋ ಅವಳು ಒಲೆಯ ಆ ಕಡೆ ನಿಂತು ದಿನಾ ನನ್ನನ್ನು ನೋಡುತ್ತಿದ್ದಳು. ಕಣ್ಣಿಗೆ ಚೀಲವೂ ಕಾಣಲಿಲ್ಲ, ಉಂಗುರವೂ ಕಾಣಲಿಲ್ಲ.

"ಹ್ಞೂಂ ಕಣೇ," ಎಂದೆ. "ನೋಯ್ತೈತೆ. ಬಾಳ ದಿನ ಆಯ್ತು."

ಅವಳು ನನ್ನ ಕೈಯಿಂದ ಬಿಲ್ಲು ಇಸಿದುಕೊಂಡು ನೆಲಕ್ಕಿಟ್ಟಳು. ಆಮೇಲೆ ಹಿಂದೆ ಬಂದು, ನನ್ನ ಬಲ ಹೆಗಲ ಮೇಲೆ ಹೆಬ್ಬೆರಳು ಒತ್ತಿದಳು, ಸರಿಯಾಗಿ ನೋಯುವ ಜಾಗದ ಮೇಲೆ.